ವಾರಕ್ಕೊಮ್ಮೆ ಇಪ್ಪತ್ತು ಲೀಟರು

(ಶಾಲೆಯ ವಾರ್ಷಿಕೋತ್ಸವದಲ್ಲಿ ಹಳೆವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಇದೇ ಶಾಲೆಯ ಜಗಲಿಯಲ್ಲಿ ಕುಳಿತು ಅಕ್ಷರ ಕಲಿತವರು ನಾವು. ಇಂದು ಇಲ್ಲಿ ನಿಂತು ನಾಲ್ಕು ಮಾತುಗಳನ್ನಾಡಬೇಕೆಂದು ಆಡಳಿತ ಸಮಿತಿಯವರು ಅಪ್ಪಣೆ ಮಾಡಿದಾಗ ನಮಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ನಾವು ಪಂಡಿತರಲ್ಲ, ವಿಜ್ಞಾನಿಗಳೂ ಅಲ್ಲ. ಈ ಕಾಸರಗೋಡಿನ ಅನೇಕರಂತೆ ಕೊಲ್ಲಿ ನಾಡಿಗೆ ಹೋಗಿ, ದುಬೈ ನಗರದಲ್ಲಿ ಹದಿನಾಲ್ಕು ವರ್ಷ ಲೆಕ್ಕಪತ್ರ ಬರೆದು, ೨೦೧೯ರಲ್ಲಿ ಊರಿಗೆ ಮರಳಿದವರು. ಆದುದರಿಂದ ದೊಡ್ಡ ವಿಷಯವನ್ನೆತ್ತಿಕೊಳ್ಳದೆ, ನಮ್ಮ ಕೈಯಾರೆ ಮಾಡಿದ ಒಂದು ಸಣ್ಣ ಕೆಲಸದ ವಿಚಾರವನ್ನೇ ನಿಮ್ಮ ಮುಂದಿಡುತ್ತೇವೆ. ಅದು ಮನೆಯಲ್ಲಿಟ್ಟ ಗಾಜಿನ ಕಡಲಿಗೆ ನೀರು ಬದಲಿಸುವ ಕೆಲಸ.

ಗಾಜಿನ ಕಡಲೆಂದರೇನು? ನಮ್ಮ ಬಾಡಿಗೆ ಮನೆಯ ಗೋಡೆಯ ಬದಿಯಲ್ಲಿ ೨೦೦ ಲೀಟರು ಉಪ್ಪುನೀರು ಹಿಡಿಯುವ ಒಂದು ಗಾಜಿನ ತೊಟ್ಟಿಯಿತ್ತು. ಅದರೊಳಗೆ ರಂಧ್ರಗಳಿಂದ ತುಂಬಿದ ಕಲ್ಲುಗಳು, ಅವುಗಳ ಮೇಲೆ ಸಾಕಣೆಯ ಕೇಂದ್ರದಲ್ಲಿ ಬೆಳೆಸಿದ ಹವಳದ ಕೆಲವು ತುಂಡುಗಳು, ಮೊಟ್ಟೆಯೊಡೆದಂದಿನಿಂದ ಮನುಷ್ಯರ ಆರೈಕೆಯಲ್ಲೇ ಬೆಳೆದ ಎರಡು ಕಿತ್ತಳೆ ಬಣ್ಣದ ಕೋಡಂಗಿ ಮೀನುಗಳು, ಒಂದು ಕೆಂಪು ಪಟ್ಟೆಯ ಸೀಗಡಿ, ಹತ್ತಾರು ಶಂಖದ ಹುಳುಗಳು. ಹವಳವೆಂದರೆ ಕಲ್ಲಲ್ಲ, ಗಿಡವೂ ಅಲ್ಲ, ಅದೊಂದು ಪ್ರಾಣಿಸಮೂಹ. ಸಾಸಿವೆಯಷ್ಟು ಅಥವಾ ಅದಕ್ಕಿಂತ ತುಸು ದೊಡ್ಡದಾದ ಸಹಸ್ರಾರು ಜೀವಿಗಳು ಒತ್ತಾಗಿ ಕುಳಿತು, ನೀರಿನಲ್ಲಿ ಕರಗಿರುವ ಸುಣ್ಣವನ್ನು ಹೀರಿ, ತಮ್ಮ ಕೆಳಗೆ ತಾವೇ ಮನೆ ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ಅತಿಸೂಕ್ಷ್ಮವಾದ ಪಾಚಿಯು ವಾಸಮಾಡಿ, ಬೆಳಕಿನಿಂದ ಆಹಾರವನ್ನು ತಯಾರಿಸಿ, ಬಾಡಿಗೆಯೆಂಬಂತೆ ಅದರಲ್ಲಿ ಪಾಲು ಕೊಡುತ್ತದೆ.

ಕಡಲನ್ನು ಮನೆಗೆ ತರುವ ಈ ಹವ್ಯಾಸ ಹೊಸದಲ್ಲ. ೧೮೪೬ರಲ್ಲಿ ಇಂಗ್ಲೆಂಡಿನ ಆನಾ ಥಿನ್ ಎಂಬ ಮಹಿಳೆಯು ಟಾರ್ಕಿ ಎಂಬ ಕಡಲೂರಿನಿಂದ ಕೆಲವು ಹವಳಜೀವಿಗಳನ್ನು ಲಂಡನ್ ನಗರಕ್ಕೆ ಕೊಂಡೊಯ್ದು ಸಾಕತೊಡಗಿದಳು. ಅಂದು ವಿದ್ಯುತ್ತಿನ ಪಂಪು ಇರಲಿಲ್ಲ. ಮನೆಯ ಸೇವಕಿಯು ತೆರೆದ ಕಿಟಕಿಯ ಮುಂದೆ ನಿಂತು, ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿದು ಸುರಿದು ಗಾಳಿಯೂಡುತ್ತಿದ್ದಳಂತೆ. ೧೮೫೪ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿವಿಜ್ಞಾನಿಯ 'ದಿ ಅಕ್ವೇರಿಯಮ್' ಎಂಬ ಗ್ರಂಥ ಹೊರಬಂದ ಮೇಲೆ ಈ ಹವ್ಯಾಸ ಮನೆಮನೆಗೂ ಹಬ್ಬಿತು. ಯಂತ್ರಗಳು ಎಷ್ಟೋ ಬದಲಾಗಿವೆ; ಆದರೆ ಪ್ರತಿದಿನವೂ ಯಾರೋ ಒಬ್ಬರು ಕಿಟಕಿಯ ಮುಂದೆ ನಿಲ್ಲಬೇಕೆಂಬ ನಿಯಮ ಮಾತ್ರ ಬದಲಾಗಿಲ್ಲ.

ಇನ್ನು, ನೀರನ್ನೇಕೆ ಬದಲಿಸಬೇಕು? ಮೀನು ತಿಂದ ಆಹಾರವು ಮಲವಾಗಿ, ಉಳಿದುದು ಕೊಳೆತು, ನೀರಿನಲ್ಲಿ ಅಮೋನಿಯವಾಗುತ್ತದೆ. ಅಮೋನಿಯ ಘೋರವಾದ ವಿಷ. ಕಲ್ಲಿನ ರಂಧ್ರಗಳಲ್ಲಿ ನೆಲಸಿರುವ ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೇಟ್ ಅಷ್ಟು ವಿಷವಲ್ಲ. ಆದರೆ ಅಲ್ಲಿಗೆ ದಾರಿ ಬಹುಮಟ್ಟಿಗೆ ಮುಗಿಯಿತು. ಸ್ವಲ್ಪ ಭಾಗವನ್ನು ಪಾಚಿ ಹೀರಿಕೊಳ್ಳುತ್ತದೆ; ಮತ್ತೆ ಸ್ವಲ್ಪವನ್ನು ಗಾಳಿ ಸುಳಿಯದ ಕಲ್ಲಿನ ಒಳಪದರದ ಸೂಕ್ಷ್ಮಾಣುಗಳು ಸಾರಜನಕವನ್ನಾಗಿ ಮಾಡಿ ಹೊರಬಿಡುತ್ತವೆ. ಉಳಿದುದೆಲ್ಲ, ಅದರೊಡನೆ ಫಾಸ್ಫೇಟೂ ಸೇರಿ, ನೀರಿನಲ್ಲಿ ಕೂಡುತ್ತ ಹೋಗುತ್ತದೆ. ಇದು ಜಮೆಯ ಪಕ್ಷ. ಖರ್ಚಿನ ಪಕ್ಷದಲ್ಲಿ, ಹವಳವು ನೀರಿನಿಂದ ಕ್ಯಾಲ್ಸಿಯಮನ್ನೂ ಕಾರ್ಬೊನೇಟನ್ನೂ ಮೆಗ್ನೀಷಿಯಮನ್ನೂ ತೆಗೆದುಕೊಳ್ಳುತ್ತಲೇ ಇರುತ್ತದೆ. ಬೇಡವಾದುದು ಏರುತ್ತದೆ, ಬೇಕಾದುದು ಇಳಿಯುತ್ತದೆ. ಸ್ವಲ್ಪ ಹಳೆಯ ನೀರನ್ನು ತೆಗೆದು ಅಷ್ಟೇ ಹೊಸ ನೀರನ್ನು ಹಾಕಿದರೆ ಎರಡೂ ಪಕ್ಷಗಳು ಒಂದೇ ಏಟಿಗೆ ಸರಿದೂಗುವತ್ತ ಬರುತ್ತವೆ.

ವಿದ್ಯಾರ್ಥಿಗಳೇ, ಇಲ್ಲಿ ಒಂದು ಲೆಕ್ಕವಿದೆ. ಮನೆಗೆ ಹೋಗಿ ಮಾಡಿ ನೋಡಿರಿ. ತೊಟ್ಟಿಯಲ್ಲಿ ವಾರಕ್ಕೆ ಲೀಟರಿಗೆ ೨ ಮಿಲಿಗ್ರಾಂನಂತೆ ನೈಟ್ರೇಟ್ ಏರುತ್ತದೆಯೆಂದು ಇಟ್ಟುಕೊಳ್ಳೋಣ. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರನ್ನು ಬದಲಿಸಿದರೆ, ನೈಟ್ರೇಟ್ ಏರುತ್ತ ಏರುತ್ತ ಕೊನೆಗೆ ಎಲ್ಲಿ ನಿಲ್ಲುತ್ತದೆ? ೨೦ರ ಹತ್ತಿರ ನಿಲ್ಲುತ್ತದೆ. ಹೇಗೆಂದರೆ, ೨೦ರಲ್ಲಿ ಹತ್ತನೆಯ ಒಂದು ಪಾಲಾದ ೨ ಪ್ರತಿವಾರ ಹೊರಹೋಗಿ ೧೮ ಉಳಿಯುತ್ತದೆ. ಮುಂದಿನ ವಾರ ಮತ್ತೆ ೨ ಕೂಡಿ ೨೦ ಆಗುತ್ತದೆ. ಐದರಲ್ಲೊಂದು ಪಾಲು ಬದಲಿಸಿದರೆ ಇದೇ ಲೆಕ್ಕದಂತೆ ೧೦ರಲ್ಲಿ ನಿಲ್ಲುತ್ತದೆ. ಬದಲಿಸದೆ ಬಿಟ್ಟರೆ? ಎಲ್ಲಿಯೂ ನಿಲ್ಲುವುದಿಲ್ಲ.

ಹೊಸ ನೀರನ್ನು ಎಲ್ಲಿಂದ ತರಬೇಕು? ಕಡಲು ಹತ್ತಿರವೇ ಇದೆಯಲ್ಲ, ಎರಡು ಕೊಡ ತುಂಬಿ ತಂದರಾಯಿತು ಎನ್ನುವಿರಿ. ನಾವೂ ಹಾಗೆಯೇ ಎಣಿಸಿದ್ದೆವು. ತೆರೆದ ಸಾಗರದ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣವಿರುತ್ತದೆ. ಕೊಲ್ಲಿಯ ಕಡಲಿಗೆ ಬಿಸಿಲು ಹೆಚ್ಚು, ನದಿಗಳು ಕಡಿಮೆ. ಅಲ್ಲಿ ಅದು ೪೦ರ ಸುತ್ತಮುತ್ತ ಇರುತ್ತದೆ. ನಮ್ಮ ಊರಿನಲ್ಲಾದರೋ ಇದರ ವಿರುದ್ಧ: ಮಳೆಗಾಲದಲ್ಲಿ ಚಂದ್ರಗಿರಿ ಹೊಳೆ ಕೆಂಪಾಗಿ ಹರಿದು ಕಡಲಿಗೆ ಬೀಳುವಾಗ ಅಳಿವೆಯ ಬಳಿಯ ನೀರು ಸಪ್ಪೆಯಾಗಿ, ಕೆಸರಾಗಿ ಇರುತ್ತದೆ. ಆದುದರಿಂದ ದಡದ ನೀರನ್ನು ನಂಬಿ ಹವಳ ಸಾಕಲಾಗದು. 'ಚಾಲೆಂಜರ್' ಎಂಬ ಹಡಗು ೧೮೭೨ರಿಂದ ೧೮೭೬ರವರೆಗೆ ಜಗತ್ತಿನ ಸಾಗರಗಳನ್ನು ಸುತ್ತಿ ತಂದ ನೀರಿನಲ್ಲಿ ೭೭ ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಎಂಬ ರಸಾಯನಶಾಸ್ತ್ರಜ್ಞನು ಪರೀಕ್ಷಿಸಿ, ೧೮೮೪ರಲ್ಲಿ ಒಂದು ಸೋಜಿಗದ ಸಂಗತಿಯನ್ನು ದೃಢಪಡಿಸಿದನು. ಉಪ್ಪಿನ ಒಟ್ಟು ಪ್ರಮಾಣ ಅಲ್ಲಲ್ಲಿ ಹೆಚ್ಚು ಕಡಿಮೆಯಾದರೂ, ಮುಖ್ಯ ಲವಣಗಳು ಪರಸ್ಪರ ಬೆರೆತಿರುವ ಅನುಪಾತ ಎಲ್ಲ ಸಾಗರಗಳಲ್ಲಿಯೂ ಬಹುಮಟ್ಟಿಗೆ ಒಂದೇ. ಈ ಅನುಪಾತವನ್ನು ಅನುಸರಿಸಿ ತಯಾರಿಸಿದ ಕಡಲುಪ್ಪಿನ ಮಿಶ್ರಣ ಇಂದು ಅಂಗಡಿಗಳಲ್ಲಿ ದೊರೆಯುತ್ತದೆ. ಅಡಿಗೆಯ ಉಪ್ಪು ಇದಕ್ಕೆ ಸಲ್ಲದು. ಅದರಲ್ಲಿ ಸುಣ್ಣವೂ ಇಲ್ಲ, ಮೆಗ್ನೀಷಿಯಮೂ ಇಲ್ಲ.

ನಮ್ಮ ಕ್ರಮ ಹೀಗಿತ್ತು. ಶನಿವಾರ ಸಂಜೆ ಆರ್.ಒ. ಶೋಧಕದಿಂದ ಇಳಿಸಿದ ೨೦ ಲೀಟರು ಶುದ್ಧ ನೀರನ್ನು ಆಹಾರಕ್ಕೆ ಬಳಸುವ ಪ್ಲಾಸ್ಟಿಕ್ಕಿನ ಪೀಪಾಯಿಗೆ ತುಂಬುವುದು. ನಲ್ಲಿಯ ನೀರು ಕೂಡದು. ಅದರ ಕ್ಲೋರೀನು ಜೀವಿಗಳಿಗೆ ಮಾರಕ. ತಾಮ್ರದ ಹಂಡೆ, ಹಿತ್ತಾಳೆಯ ಕೊಡಗಳನ್ನಂತೂ ಹತ್ತಿರ ತರಕೂಡದು. ನಮಗೆ ಶ್ರೇಷ್ಠವೆನಿಸಿದ ತಾಮ್ರವು ಸೀಗಡಿಗೂ ಶಂಖದ ಹುಳುವಿಗೂ ಹವಳಕ್ಕೂ ಅಲ್ಪಪ್ರಮಾಣದಲ್ಲಿಯೇ ವಿಷವಾಗುತ್ತದೆ. ಬಳಿಕ ಸಣ್ಣ ಪಂಪಿನಿಂದ ನೀರನ್ನು ಸುತ್ತಿಸುತ್ತ, ಸುಮಾರು ೭೦೦ರಿಂದ ೭೫೦ ಗ್ರಾಂ ಮಿಶ್ರಣವನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸಬೇಕು. ನೀರಿಗೆ ಉಪ್ಪನ್ನು ಹಾಕಬೇಕೇ ಹೊರತು ಉಪ್ಪಿನ ಮೇಲೆ ನೀರನ್ನು ಸುರಿಯಬಾರದು. ಸುರಿದರೆ ಸುಣ್ಣವು ಗಟ್ಟಿಯಾಗಿ ತಳಕ್ಕಿಳಿದು ವ್ಯರ್ಥವಾಗುತ್ತದೆ. ಮಿಶ್ರಣವನ್ನು ನೇರವಾಗಿ ತೊಟ್ಟಿಗೆ ಹಾಕುವುದಂತೂ ಹವಳದ ಮೈಮೇಲೆ ಕೆಂಡ ಸುರಿದಂತೆ. ರಾತ್ರಿಯೆಲ್ಲ ನೀರು ತಿರುಗುತ್ತಿರಲಿ. ಬೆಳಿಗ್ಗೆ ಅದರ ಉಷ್ಣತೆ ತೊಟ್ಟಿಯದಕ್ಕೆ ಸಮನಾಗಿ ೨೫ ಅಥವಾ ೨೬ ಡಿಗ್ರಿ ಸೆಲ್ಸಿಯಸ್ ಇದೆಯೇ, ಸಾಪೇಕ್ಷ ಸಾಂದ್ರತೆ ೧.೦೨೫ರಿಂದ ೧.೦೨೬ರೊಳಗೆ ಇದೆಯೇ ಎಂದು ಉಪಕರಣದಿಂದ ನೋಡಿಕೊಳ್ಳಬೇಕು.

ಭಾನುವಾರ ಬೆಳಿಗ್ಗೆ ತೊಟ್ಟಿಯ ಪಂಪನ್ನೂ ನೀರು ಕಾಯಿಸುವ ಕೊಳವೆಯನ್ನೂ ಮೊದಲು ನಿಲ್ಲಿಸುವುದು. ನೀರು ಇಳಿದಾಗ ಬಿಸಿಯಾದ ಗಾಜು ಹೊರಬಿದ್ದರೆ ಸಿಡಿಯಬಹುದು. ಕೈಗಳನ್ನು ಸಾಬೂನಿಲ್ಲದೆ ಚೆನ್ನಾಗಿ ತೊಳೆದು, ರಬ್ಬರು ನಳಿಗೆಯಿಂದ ಕಲ್ಲುಗಳ ನಡುವೆ ಕೂತ ಕೊಳೆಯ ಸಮೇತ ೨೦ ಲೀಟರು ಹಳೆಯ ನೀರನ್ನು ಹೊರತೆಗೆಯುವುದು. ನಳಿಗೆಯನ್ನು ಬಾಯಿಂದ ಎಳೆಯಬಾರದು. ಹವಳದ ಬಳಗದ ಕೆಲವು ಜೀವಿಗಳಲ್ಲಿ ಉಗ್ರವಾದ ವಿಷವಿರುತ್ತದೆ. ಆ ಮೇಲೆ ಹೊಸ ನೀರನ್ನು ಮೆಲ್ಲಮೆಲ್ಲನೆ ತುಂಬುವುದು. ಒಟ್ಟು ಮುಕ್ಕಾಲು ಗಂಟೆಯ ಕೆಲಸ.

ಇಲ್ಲಿ ಹೊಸಬರು ತಪ್ಪುವ ಒಂದು ಸಂಗತಿಯನ್ನು ಹೇಳಬೇಕು. ತೊಟ್ಟಿಯ ನೀರು ದಿನದಿನವೂ ಆವಿಯಾಗಿ ತಗ್ಗುತ್ತದೆ. ಆವಿಯಾಗುವುದು ನೀರು ಮಾತ್ರ. ಉಪ್ಪು ಅಲ್ಲಿಯೇ ಉಳಿಯುತ್ತದೆ. ಆದುದರಿಂದ ತಗ್ಗಿದ ನೀರನ್ನು ಸಿಹಿನೀರಿನಿಂದಲೇ ತುಂಬಬೇಕು. ವಾರಕ್ಕೆ ೧೦ ಲೀಟರು ಆವಿಯಾಗುವ ನಮ್ಮ ತೊಟ್ಟಿಗೆ ಉಪ್ಪುನೀರನ್ನೇ ತುಂಬುತ್ತ ಹೋಗಿದ್ದರೆ, ಹತ್ತು ವಾರಗಳಲ್ಲಿ ಲೀಟರಿಗೆ ೩೫ ಗ್ರಾಂ ಇದ್ದ ಉಪ್ಪು ೫೨ ಗ್ರಾಂ ಮೀರುತ್ತಿತ್ತು. ನೀರು ಬದಲಿಸುವುದೇ ಬೇರೆ, ನೀರು ತುಂಬುವುದೇ ಬೇರೆ.

ಇಷ್ಟೆಲ್ಲ ತಿಳಿದವರಾಗಿದ್ದೂ ನಾವು ತಪ್ಪಿದೆವು. ಅದನ್ನು ಮುಚ್ಚಿಟ್ಟರೆ ಈ ಭಾಷಣ ಅರ್ಧ ಸುಳ್ಳಾದೀತು.

ನಮ್ಮ ಕೈಯಲ್ಲಿರುವ ಈ ಹಳೆಯ ಪುಸ್ತಕವನ್ನು ನೋಡಿರಿ. ತೊಟ್ಟಿಯನ್ನು ಇಟ್ಟದ್ದು ೨೦೧೧ರಲ್ಲಿ. ಆಗ ನಮ್ಮ ಮಗಳಿಗೆ ಏಳು ವರ್ಷ. ಅವಳು ಹೋಗುತ್ತಿದ್ದ ಶಾಲೆಯಲ್ಲಿ ಕನ್ನಡವಿರಲಿಲ್ಲ. ಮನೆಯಲ್ಲಿ ಮಾತು ಕನ್ನಡವೇ. ಆದರೆ ಬರೆಯಲು ಸಂದರ್ಭವೆಲ್ಲಿ? ಆದುದರಿಂದ ತೊಟ್ಟಿಯ ಲೆಕ್ಕವನ್ನು ಅವಳಿಗೆ ಒಪ್ಪಿಸಿದೆವು. ಪ್ರತಿ ಭಾನುವಾರ ತಾರೀಕು, ಉಷ್ಣತೆ, ಸಾಂದ್ರತೆ, ನೈಟ್ರೇಟ್ ಎಷ್ಟು, ಮೀನು ಹೇಗಿದೆ ಎಂಬುದನ್ನು ಕನ್ನಡ ಅಕ್ಷರಗಳಲ್ಲಿ, ಕನ್ನಡ ಅಂಕಿಗಳಲ್ಲಿ ಬರೆಯಬೇಕು. ಮೊದಮೊದಲು ಆರೂ ಒಂಬತ್ತೂ ಅವಳಿಗೆ ಒಂದೇ ಆಗಿದ್ದವು. ಒಂದು ವಾರ ನೀರಿನ ಉಷ್ಣತೆ ೨೯ ಎಂದು ಬರೆದು ನಮ್ಮನ್ನು ಬೆಚ್ಚಿಬೀಳಿಸಿದ್ದಳು. ವರ್ಷ ತುಂಬುವುದರೊಳಗೆ ಅಕ್ಷರ ಮುತ್ತಿನಂತಾಯಿತು.

೨೦೧೩ರಲ್ಲಿ ನಮ್ಮ ಕಚೇರಿಯ ಕೆಲಸ ಹೆಚ್ಚಿತು. ಒಂದು ಭಾನುವಾರ ಮಗಳು ಪುಸ್ತಕ ಹಿಡಿದು, "ಇವತ್ತು ನೀರು?" ಎಂದು ಕೇಳಿದಳು. ತೊಟ್ಟಿಯತ್ತ ನೋಡಿದೆವು. "ನೀರು ತಿಳಿಯಾಗಿದೆಯಲ್ಲ, ಮುಂದಿನ ವಾರ ನೋಡೋಣ" ಎಂದೆವು. ಮುಂದಿನ ವಾರವೂ ತಿಳಿಯಾಗಿಯೇ ಇತ್ತು. ಕರಗಿದ ವಿಷಕ್ಕೆ ಬಣ್ಣವಿಲ್ಲವೆಂಬುದನ್ನು ಅರಿತ ನಾವೇ ಕಣ್ಣನ್ನು ನಂಬಿದೆವು. ನಾಲ್ಕಾರು ಸಲ ಕೇಳಿ ಅವಳು ಕೇಳುವುದನ್ನು ಬಿಟ್ಟಳು. ಹೀಗೆ ಹನ್ನೊಂದು ವಾರ ಕಳೆಯಿತು.

ಹನ್ನೆರಡನೆಯ ವಾರ ಹವಳದ ಬಣ್ಣ ಮಾಸಿದಂತೆ ಕಂಡು ಪರೀಕ್ಷಿಸಿದರೆ, ನೈಟ್ರೇಟ್ ೪೦. ನೀರಿನ ಕ್ಷಾರಶಕ್ತಿಯು, ಸಾಧಾರಣವಾಗಿ ೭ರಿಂದ ೧೧ ಡಿಗ್ರಿಯಷ್ಟಿರಬೇಕಾದುದು, ಐದೂವರೆಗೆ ಇಳಿದಿತ್ತು. ನಮಗೆ ಗಾಬರಿಯಾಯಿತು. ಸೋಮಾರಿಯ ಗಾಬರಿ ಸೋಮಾರಿತನಕ್ಕಿಂತ ಕೆಟ್ಟದು. ಅಂದು ರಾತ್ರಿಯೇ ೧೦೦ ಲೀಟರು ನೀರನ್ನು ಅವಸರವಸರವಾಗಿ ಕಲಸಿ, ಪೂರ್ತಿ ಕರಗುವ ಮುನ್ನವೇ, ಉಷ್ಣತೆಯನ್ನು ಸರಿಯಾಗಿ ನೋಡದೆಯೇ, ಅರ್ಧ ತೊಟ್ಟಿಯನ್ನು ಒಂದೇ ಸಲಕ್ಕೆ ಬದಲಿಸಿದೆವು. ಹನ್ನೊಂದು ವಾರಗಳಲ್ಲಿ ಮೆಲ್ಲಗೆ ಇಳಿದ ನೀರಿಗೆ ಜೀವಿಗಳು ಹೇಗೋ ಒಗ್ಗಿಕೊಂಡಿದ್ದವು. ಒಂದು ಗಂಟೆಯಲ್ಲಿ ಹಾರಿದ ನೀರಿಗೆ ಒಗ್ಗಿಕೊಳ್ಳಲಾರದೆ ಹೋದವು. ಬೆಳಿಗ್ಗೆ ಸೀಗಡಿಯು ಬದಿಗೆ ಬಿದ್ದು ಸತ್ತಿತ್ತು. ಎರಡು ವರ್ಷ ಬೆಳೆದ ಕವಲುಹವಳದ ಮಾಂಸವು ಬುಡದಿಂದ ಸುಲಿದು ಬಂದು, ನಾಲ್ಕು ದಿನಗಳಲ್ಲಿ ಬಿಳಿಯ ಎಲುಬು ಮಾತ್ರ ಉಳಿಯಿತು.

ಮಗಳು ನಮ್ಮನ್ನು ಬಯ್ಯಲಿಲ್ಲ. ಪುಸ್ತಕವನ್ನು ತಂದು, ಬರೆಯದ ಹನ್ನೊಂದು ಸಾಲುಗಳನ್ನು ಖಾಲಿಯಾಗಿಯೇ ಬಿಟ್ಟು, ಹನ್ನೆರಡನೆಯದರಲ್ಲಿ "ಸೀಗಡಿ ಸತ್ತಿತು" ಎಂದು ಬರೆದಳು. ಈ ಪುಟವನ್ನು ಅನಂತರ ನಿಮಗೆ ತೋರಿಸುತ್ತೇವೆ. ಮೇಲಿನ ಸಾಲುಗಳ ಅಕ್ಷರ ನೇರವಾಗಿದೆ. ಈ ಸಾಲಿನ ಅಕ್ಷರ ಸೊಟ್ಟಗಾಗಿದೆ, 'ಸತ್ತಿತು' ಎಂಬಲ್ಲಿ ಒತ್ತಕ್ಷರವೂ ತಪ್ಪಿದೆ. ದುಃಖದಿಂದ ಹಾಗಾಯಿತೆಂದು ಆಗ ತಿಳಿದಿದ್ದೆವು. ಬಹುಕಾಲದ ಮೇಲೆ ಹೊಳೆಯಿತು: ಆ ಹನ್ನೊಂದು ವಾರ ಅವಳು ಕನ್ನಡದಲ್ಲಿ ಒಂದು ಅಕ್ಷರವನ್ನೂ ಬರೆದಿರಲಿಲ್ಲ.

ಅಲ್ಲಿಂದ ಮುಂದೆ, ೨೦೧೯ರಲ್ಲಿ ತೊಟ್ಟಿಯನ್ನು ಒಬ್ಬ ಮಿತ್ರರಿಗೆ ಒಪ್ಪಿಸಿ ಊರಿಗೆ ಹೊರಡುವವರೆಗೆ, ಈ ಪುಸ್ತಕದಲ್ಲಿ ಖಾಲಿ ಸಾಲಿಲ್ಲ. ಊರಿಗೆ ರಜೆಯಲ್ಲಿ ಬಂದಾಗಲೂ ಆ ಮಿತ್ರರೇ ನೀರು ಬದಲಿಸಿ ತಿಳಿಸುತ್ತಿದ್ದರು. ಮಗಳು ಇಲ್ಲಿಂದಲೇ ಬರೆಯುತ್ತಿದ್ದಳು. ನೀರು ಕೆಟ್ಟಾಗಲೂ ದಿನಕ್ಕೆ ಹತ್ತರಲ್ಲೊಂದು ಪಾಲಿನಂತೆಯೇ ಬದಲಿಸಿ ಸರಿಪಡಿಸಬೇಕೆಂಬುದನ್ನು ಕಲಿತೆವು. ಹವಳ ಬೆಳೆದು ದೊಡ್ಡದಾದಾಗ ನೀರು ಬದಲಿಸಿದಷ್ಟರಿಂದಲೇ ಸುಣ್ಣ ಸಾಲದಾಯಿತು. ಅದನ್ನು ಪ್ರತ್ಯೇಕವಾಗಿ ದಿನವೂ ಅಳೆದು ಊಡಿದೆವು. ಯಾವುದೊಂದು ಉಪಾಯವೂ ಎಲ್ಲಕ್ಕೂ ಮದ್ದಲ್ಲವೆಂಬುದೂ ಆಗ ತಿಳಿಯಿತು.

ವಿದ್ಯಾರ್ಥಿಗಳೇ, ಇದನ್ನು ಕೇಳಿ ನಾಳೆಯೇ ಕಡಲಿಗಿಳಿದು ಹವಳ ಕೀಳಲು ಹೊರಡಬೇಡಿರಿ. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಪಟ್ಟಿಗೆ ೨೦೦೧ರಲ್ಲಿ ಬಂಡೆಗಟ್ಟುವ ಹವಳಗಳು ಸೇರಿದವು. ಅವನ್ನು ಕಡಲಿನಿಂದ ಕೀಳುವುದು ಅಪರಾಧ. ಮನೆಯಲ್ಲಿ ಸಿಹಿನೀರಿನ ಮೀನಿನ ತೊಟ್ಟಿಯಿದ್ದವರು ಅದರಲ್ಲಿಯೇ ಈ ವಿದ್ಯೆಯನ್ನು ಅಭ್ಯಾಸಮಾಡಬಹುದು. ತಿಂಗಳಿಗೊಮ್ಮೆ ಎಲ್ಲ ನೀರನ್ನೂ ಚೆಲ್ಲಿ ಗಾಜು ಥಳಥಳಿಸುವಂತೆ ತಿಕ್ಕುವುದಕ್ಕಿಂತ, ವಾರಕ್ಕೊಮ್ಮೆ ಐದರಲ್ಲೊಂದು ಪಾಲು ಬದಲಿಸುವುದು ಮೀನಿಗೆ ಹಿತ.

ನಮ್ಮೀ ಕಡಲಿನಾಚೆ ಲಕ್ಷದ್ವೀಪವಿದೆ. ಉತ್ತರಕ್ಕೆ ಮುರ್ಡೇಶ್ವರದ ಎದುರಿಗೆ ನೇತ್ರಾಣಿ ದ್ವೀಪವಿದೆ. ಎರಡೆಡೆಯಲ್ಲಿಯೂ ಹವಳಗಳು ಬದುಕಿವೆ. ೧೯೯೮, ೨೦೧೦, ೨೦೧೬, ಮತ್ತೆ ೨೦೨೪ರಲ್ಲಿ ಕಡಲಿನ ನೀರು ಮಿತಿಮೀರಿ ಕಾದಾಗ ಲಕ್ಷದ್ವೀಪದ ಹವಳಗಳು ತಮ್ಮೊಳಗಿನ ಪಾಚಿಯನ್ನು ಹೊರದಬ್ಬಿ, ನಮ್ಮ ತೊಟ್ಟಿಯ ಆ ತುಂಡಿನಂತೆಯೇ ಬೆಳ್ಳಗಾದವು. ತೊಟ್ಟಿಯ ನೀರನ್ನು ನಾವು ಬದಲಿಸಿದೆವು. ಅರಬ್ಬೀ ಸಮುದ್ರಕ್ಕೆ ಬದಲಿ ನೀರು ಎಲ್ಲಿಂದ ಬರಬೇಕು? ಈ ಪ್ರಶ್ನೆಯನ್ನು ನಿಮ್ಮ ಪಾಲಿಗೆ ಬಿಡುತ್ತೇವೆ. ಉತ್ತರ ಹುಡುಕುವ ವಯಸ್ಸು ನಿಮ್ಮದು.

ಪೋಷಕರಲ್ಲಿ ಒಂದೇ ವಿಜ್ಞಾಪನೆ. ಭಾನುವಾರ ಬೆಳಿಗ್ಗೆ ಮಗುವು ಪುಸ್ತಕ ಹಿಡಿದು ಬಂದು ಏನನ್ನಾದರೂ ಕೇಳಿದರೆ, "ಮುಂದಿನ ವಾರ" ಎನ್ನಬೇಡಿರಿ. ಮುಕ್ಕಾಲು ಗಂಟೆ ಸಾಕು.

ಈ ಪುಸ್ತಕವನ್ನು ಮಗಳ ಒಪ್ಪಿಗೆ ಪಡೆದು ಶಾಲೆಯ ವಾಚನಾಲಯಕ್ಕೆ ಇಂದು ಒಪ್ಪಿಸುತ್ತಿದ್ದೇವೆ. ಕೊನೆಯಲ್ಲಿ ಇಪ್ಪತ್ತು ಹಾಳೆಗಳು ಖಾಲಿ ಉಳಿದಿವೆ. ನಿಮ್ಮಲ್ಲಿ ಯಾರಾದರೂ ನಿಮ್ಮ ಮನೆಯ ಬಾವಿಯ, ಕೆರೆಯ, ಮೀನಿನ ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಅಳೆದು ಅಲ್ಲಿ ಬರೆಯುವುದಾದರೆ ನಮಗೆ ಸಂತೋಷ.